ಕೂಡಂಕುಳಂ ಕರಾವಳಿಯಲ್ಲಿ ಇನ್ನೂ ನಾಲ್ಕು ಅಣುಘಟಕಗಳು ಬೇಕೆ?

ಪರ

ತಮಿಳುನಾಡಿನ ಕೂಡಂಕುಳಂ ಸ್ಥಾವರದ ವಿಸ್ತರಣೆಯನ್ನು ಬೆಂಬಲಿಸಲು ಮುಖ್ಯ ಕಾರಣ ಅಲ್ಲಿಂದ ಎಡೆಬಿಡದೆ ದೊರೆಯುವ ವಿದ್ಯುತ್ತು. 1988ರಲ್ಲಿ ರಾಜೀವ್ ಗಾಂಧಿ ಮತ್ತು ಗೋರ್ಬಚೇವ್ ಅವರು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿ, ಸೋವಿಯತ್ ಒಕ್ಕೂಟದ ಪತನದ ನಂತರ ನನೆಗುದಿಗೆ ಬಿದ್ದು, 2002ರಲ್ಲಿ ನಿರ್ಮಾಣ ಹಂತಕ್ಕೆ ಬಂದ ಈ ಯೋಜನೆಯ ತಲಾ 1000 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಘಟಕಗಳು 2013 ಮತ್ತು 2016ರಲ್ಲಿ ಗ್ರಿಡ್‌ಗೆ ಸೇರಿದವು. ಅವುಗಳ ಉತ್ಪಾದನೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಸೌರವಿದ್ಯುತ್ತು ಸಂಜೆಗೆ ನಿಲ್ಲುತ್ತದೆ, ಸ್ಥಾವರಕ್ಕೆ ಸಮೀಪದ ಮುಪ್ಪಂದಲ್‌ನ ಗಾಳಿಯಂತ್ರಗಳು ಮುಂಗಾರು ಕಳೆದ ಮೇಲೆ ಮಂದವಾಗುತ್ತವೆ. ಕಲ್ಲಿದ್ದಲನ್ನು ಸುಡದೆ ಈ ಕೊರತೆಯನ್ನು ತುಂಬಬಲ್ಲ ದೊಡ್ಡ ಮೂಲಗಳು ಕೆಲವೇ.

ಸುರಕ್ಷತೆಯ ಬಗೆಗಿನ ಆತಂಕಕ್ಕೆ ತಕ್ಕ ಉತ್ತರವಿದೆ. ಈ ರಿಯಾಕ್ಟರ್‌ನಲ್ಲಿ ಇಂಧನಕ್ಕೆ ತಾಗುವ ನೀರು ಹೆಚ್ಚಿನ ಒತ್ತಡದಿಂದಾಗಿ ಕುದಿಯದೆ ಶಾಖವನ್ನು ಹೊತ್ತೊಯ್ದು, ಪ್ರತ್ಯೇಕವಾದ ಎರಡನೆಯ ವಲಯದಲ್ಲಿರುವ ನೀರನ್ನು ಆವಿಯಾಗಿಸುತ್ತದೆ. ಟರ್ಬೈನ್ ತಿರುಗಿಸಿದ ಆ ಆವಿಯನ್ನು ತಣಿಸುವ ಸಮುದ್ರದ ನೀರು ಮೂರನೆಯ ವಲಯದ್ದಾದ್ದರಿಂದ ಅದು ರಿಯಾಕ್ಟರ್‌ನ ನೀರಿನೊಡನೆ ಬೆರೆಯುವುದಿಲ್ಲ. ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಸುನಾಮಿಯ ನೀರು ನುಗ್ಗಿ ತುರ್ತು ಜನರೇಟರುಗಳು ಕೆಟ್ಟವು. ಕೂಡಂಕುಳಂನಲ್ಲಿ ಡೀಸೆಲ್ ಜನರೇಟರುಗಳು ಸಮುದ್ರಮಟ್ಟದಿಂದ 9.3 ಮೀಟರ್ ಎತ್ತರದಲ್ಲಿವೆ. ವಿದ್ಯುತ್ತು ಪೂರ್ತಿ ಕೈಕೊಟ್ಟರೂ ಹೊರಗಿನ ಗಾಳಿಯ ನೆರವಿನಿಂದ ತಾನಾಗಿ ಶಾಖವನ್ನು ಇಳಿಸುವ ವ್ಯವಸ್ಥೆಯೂ, ಇಂಧನ ಕರಗಿದರೆ ಅದನ್ನು ಹಿಡಿದಿಡುವ ಪಾತ್ರೆಯೂ ಇವೆ. 2013ರ ಮೇ 6ರಂದು ಸುಪ್ರೀಂ ಕೋರ್ಟು ಇದೆಲ್ಲವನ್ನೂ ಪರಿಶೀಲಿಸಿ ಸ್ಥಾವರಕ್ಕೆ ಸಮ್ಮತಿ ನೀಡಿತು.

ಬಳಸಿದ ಇಂಧನದ ಪ್ರಮಾಣ ಕಡಿಮೆ. ಮರುಸಂಸ್ಕರಣೆಯ ಮೂಲಕ ಅದರ ಬಹುಭಾಗವನ್ನು ಮತ್ತೆ ಬಳಸುವುದು ದೇಶದ ನೀತಿ. ಅಂತಿಮವಾಗಿ ಉಳಿಯುವ ತ್ಯಾಜ್ಯಕ್ಕೆ ಶಾಶ್ವತ ನೆಲೆಯನ್ನು ಭಾರತ ಇನ್ನೂ ಗೊತ್ತುಪಡಿಸಿಲ್ಲವೆಂಬುದನ್ನೂ, ಸುತ್ತಲಿನ ಹಳ್ಳಿಗಳ ಜನರೊಡನೆ ಮಾತುಕತೆ ಮೊದಲೇ ನಡೆಯಬೇಕಿತ್ತೆಂಬುದನ್ನೂ ಒಪ್ಪಬೇಕಾದರೂ, ಇವು ವಿಸ್ತರಣೆಯನ್ನು ತಡೆಯುವಷ್ಟು ದೊಡ್ಡ ಕಾರಣಗಳಲ್ಲ.

ವಿರೋಧ

ವಿಸ್ತರಣೆಯನ್ನು ತಡೆಯಲು ತ್ಯಾಜ್ಯಕ್ಕೆ ಶಾಶ್ವತ ನೆಲೆಯಿಲ್ಲವೆಂಬ ಒಂದೇ ಕಾರಣ ಸಾಕು. ರಿಯಾಕ್ಟರ್‌ನಿಂದ ಹೊರತೆಗೆದ ಇಂಧನದ ಕಟ್ಟುಗಳು ವಿದ್ಯುತ್ತು ಕೊಡುವುದನ್ನು ನಿಲ್ಲಿಸಿದರೂ ಶಾಖವನ್ನೂ ವಿಕಿರಣವನ್ನೂ ಸೂಸುತ್ತಲೇ ಇರುವುದರಿಂದ ಅವನ್ನು ರಿಯಾಕ್ಟರ್ ಕಟ್ಟಡದೊಳಗಿನ ಕೊಳದಲ್ಲಿ, ಬೋರಾನ್ ಬೆರೆಸಿದ ನೀರಿನಡಿ, ವರ್ಷಗಟ್ಟಲೆ ತಣಿಸಬೇಕಾಗುತ್ತದೆ. ಅವುಗಳಲ್ಲಿರುವ ಪ್ಲುಟೋನಿಯಂ-239 ಅರ್ಧದಷ್ಟು ಕುಗ್ಗಲು ಸುಮಾರು 24,000 ವರ್ಷ ಬೇಕು. ಮೂಲ ಒಪ್ಪಂದದ ಪ್ರಕಾರ ಈ ಇಂಧನ ಸೋವಿಯತ್ ಒಕ್ಕೂಟಕ್ಕೆ ಮರಳಬೇಕಿತ್ತು; ಮುಂದೆ ಆ ಷರತ್ತು ಬದಲಾಗಿ ಅದು ಭಾರತದಲ್ಲೇ ಉಳಿಯುವಂತಾಯಿತು. ಮರುಸಂಸ್ಕರಣೆಯ ಮಾತು ಇಲ್ಲಿ ಪರಿಹಾರವಾಗದು, ಏಕೆಂದರೆ ಆ ಕ್ರಿಯೆಯ ಕೊನೆಗೂ ತೀವ್ರ ವಿಕಿರಣದ ತ್ಯಾಜ್ಯ ಉಳಿದೇ ಉಳಿಯುತ್ತದೆ.

ಪರವಾದಿಗಳು ನೆಚ್ಚಿಕೊಂಡಿರುವ ಅದೇ ತೀರ್ಪಿನಲ್ಲಿ, ಬಳಸಿದ ಇಂಧನವನ್ನು ರಿಯಾಕ್ಟರ್‌ನಿಂದ ದೂರವಿರಿಸುವ ಪ್ರತ್ಯೇಕ ಸಂಗ್ರಹಾಗಾರವನ್ನು ಐದು ವರ್ಷದೊಳಗೆ ಕಟ್ಟಬೇಕೆಂಬ ಆದೇಶವೂ ಇತ್ತು. ಗಡುವು ಮುಗಿದಾಗ ಸಂಗ್ರಹಾಗಾರ ಎದ್ದಿರಲಿಲ್ಲ. 2018ರಲ್ಲಿ ಕಾಲಾವಕಾಶವನ್ನು 2022ರವರೆಗೆ ವಿಸ್ತರಿಸಲಾಯಿತು. ಮೊದಲೆರಡು ಘಟಕಗಳ ತ್ಯಾಜ್ಯದ ವ್ಯವಸ್ಥೆಯೇ ಹೀಗೆ ಮುಂದಕ್ಕೆ ಹೋಗುತ್ತಿದ್ದಾಗ 2017ರಲ್ಲಿ 3 ಮತ್ತು 4ನೆಯ, 2021ರಲ್ಲಿ 5 ಮತ್ತು 6ನೆಯ ಘಟಕಗಳ ನಿರ್ಮಾಣ ಆರಂಭಗೊಂಡಿತು.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. 2012ರ ನವೆಂಬರಿನಲ್ಲಿ, ಕೂಡಂಕುಳಂ ತ್ಯಾಜ್ಯವನ್ನು ಎಲ್ಲಿ ಹೂಳಲಾಗುವುದೆಂಬ ಕೋರ್ಟಿನ ವಿಚಾರಣೆಯ ನಡುವೆ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಹೆಸರು ಕೇಳಿಬಂದಾಗ ಕೆ.ಜಿ.ಎಫ್. ಸಿಡಿದೆದ್ದಿತು, ರಾಜ್ಯ ಸರ್ಕಾರವೂ ಒಪ್ಪಲಿಲ್ಲ, ಅಂಥ ಯೋಜನೆ ಇಲ್ಲವೆಂದು ಕೇಂದ್ರವು ಸ್ಪಷ್ಟೀಕರಣ ನೀಡಬೇಕಾಯಿತು. ಕೋಲಾರದ ಪ್ರತಿಭಟನೆ ಕೆಲವೇ ದಿನಗಳಲ್ಲಿ ಫಲ ನೀಡಿದರೆ, ಸ್ಥಾವರದ ಪಕ್ಕದ ಇಡಿಂದಕರೈ ಮೀನುಗಾರರು 2011ರಿಂದ ಚರ್ಚಿನ ಅಂಗಳದಲ್ಲಿ ಉಪವಾಸ ಕೂತರೂ, 2012ರ ಸೆಪ್ಟೆಂಬರಿನಲ್ಲಿ ಸಮುದ್ರದ ನೀರಿಗಿಳಿದು ಸತ್ಯಾಗ್ರಹ ಮಾಡಿದರೂ, ಅವರಿಗೆ ದೊರೆತದ್ದು ರಾಜದ್ರೋಹದ ಮೊಕದ್ದಮೆಗಳು. ಒಂದು ಊರು ಬೇಡವೆಂದ ತ್ಯಾಜ್ಯವನ್ನು ಇನ್ನೊಂದು ಊರಿನ ದಡದಲ್ಲಿ ಹೇಳದೆ ಕೇಳದೆ ಪೇರಿಸುತ್ತ ಹೋಗುವುದು ಘೋರ ಅನ್ಯಾಯ.

ಮೊದಲೆರಡು ಘಟಕಗಳು ವಿದ್ಯುತ್ತು ಕೊಡುತ್ತಿವೆ, ಅದರ ಫಲವನ್ನು ಕರ್ನಾಟಕದ ಮನೆಗಳೂ ಉಣ್ಣುತ್ತಿವೆ ಎಂಬುದು ನಿಜ, ಅವನ್ನು ನಾಳೆಯೇ ಮುಚ್ಚಬೇಕೆಂಬ ವಾದವೂ ಇಲ್ಲಿಲ್ಲ. ಆದರೆ ಫಲದಲ್ಲಿ ಪಾಲು ಪಡೆದು ತ್ಯಾಜ್ಯದ ಹೆಸರೆತ್ತಿದೊಡನೆ ಬಾಗಿಲು ಹಾಕಿಕೊಂಡ ರಾಜ್ಯದ ಜನ, ಇಡಿಂದಕರೈಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವ ಹಕ್ಕನ್ನು ಕಳೆದುಕೊಂಡಿದ್ದಾರೆ. ತ್ಯಾಜ್ಯದ ಶಾಶ್ವತ ನೆಲೆ ಯಾವ ನೆಲದಲ್ಲಿ, ಯಾರ ಒಪ್ಪಿಗೆಯಿಂದ ಎಂಬುದನ್ನು ಕೇಂದ್ರ ಸರ್ಕಾರವು ಬಹಿರಂಗವಾಗಿ ತಿಳಿಸುವವರೆಗೆ ಹೊಸ ಘಟಕಗಳ ಚಾಲನೆಗೆ ಅನುಮತಿ ನೀಡಬಾರದು.