ಹಿಡಿಯುವ ಆಟ, ಬಿಡುವ ಆಟ

ಇಪ್ಪತ್ತನಾಲ್ಕು ತೀರ್ಥಂಕರರ ಲಾಂಛನಗಳನ್ನು ಹೇಳು ಎಂದರೆ ನಮ್ಮ ಮನೆಗಳ ಮಕ್ಕಳು ವೃಷಭ, ಆನೆ, ಕುದುರೆ ಎಂದು ಮೂರು ನಾಲ್ಕನ್ನು ಹೇಳಿ ತಡವರಿಸುತ್ತಾರೆ. ಅದೇ ಮಕ್ಕಳನ್ನು ಪೋಕೆಮಾನ್ ಹೆಸರುಗಳನ್ನು ಹೇಳು ಎಂದು ಕೇಳಿ ನೋಡಿ. ಪಿಕಾಚು, ಬಲ್ಬಸಾರ್, ಚಾರ್ಮಾಂಡರ್ ಎಂದು ಶುರುಮಾಡಿ ಉಸಿರು ಬಿಡದೆ ನೂರರ ತನಕ ಹೋಗುತ್ತಾರೆ. ಹಿರಿಯರು ಇದನ್ನು ಕೇಳಿ ಸಿಡುಕುವುದುಂಟು. ಆದರೆ ನೂರು ಹೆಸರು ನೆನಪಿಡುವ ಮಗುವಿಗೆ ಜ್ಞಾಪಕಶಕ್ತಿಯ ಕೊರತೆ ಇಲ್ಲವೆಂಬುದಂತೂ ಖಚಿತ. ಹಾಗಾದರೆ ಆ ಆಟದಲ್ಲಿ ಅಂಥದ್ದೇನಿದೆ? ತಿಳಿಯದೆ ಬೈಯುವುದಕ್ಕಿಂತ ತಿಳಿದು ಮಾತನಾಡುವುದು ಮೇಲು.

ಈ ಆಟ ಜಪಾನಿನಲ್ಲಿ 1996ರ ಫೆಬ್ರವರಿ 27ರಂದು ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕಾಗಿ ಹೊರಬಂತು. ಇದನ್ನು ಕಲ್ಪಿಸಿದವರು ಸತೋಷಿ ತಾಜಿರಿ. ಚಿಕ್ಕಂದಿನಲ್ಲಿ ಟೋಕಿಯೋದ ಹೊರವಲಯದಲ್ಲಿ ಹುಳುಹುಪ್ಪಟೆಗಳನ್ನು ಹುಡುಕಿ ಕೂಡಿಡುವ ಹುಚ್ಚು ಅವರಿಗಿತ್ತು. ನಗರ ಬೆಳೆದು ಗದ್ದೆ, ಹೊಂಡಗಳೆಲ್ಲ ಮುಚ್ಚಿಹೋದ ಮೇಲೆ, ಆ ಹುಡುಕಾಟದ ಸುಖ ಪೇಟೆಯ ಮಕ್ಕಳಿಗೂ ಸಿಗಲಿ ಎಂದು ಈ ಆಟ ಕಟ್ಟಿದರು. ಮೊದಲಿಗೆ ಇದ್ದದ್ದು 151 ವಿಚಿತ್ರ ಪ್ರಾಣಿಗಳು. ಇಂದು ಸಾವಿರವನ್ನು ದಾಟಿವೆ.

ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಇದರ ಒಂದು ಮರ್ಮ ಬೇಗ ಹಿಡಿಸೀತು. ಆಟ ಬಂದದ್ದು ಕೆಂಪು, ಹಸಿರು ಎಂಬ ಎರಡು ರೂಪಗಳಲ್ಲಿ. ಕೆಂಪಿನಲ್ಲಿ ಸಿಗುವ ಕೆಲವು ಪ್ರಾಣಿಗಳು ಹಸಿರಿನಲ್ಲಿಲ್ಲ, ಹಸಿರಿನವು ಕೆಂಪಿನಲ್ಲಿಲ್ಲ. ಒಬ್ಬನೇ ಕುಳಿತು ಎಷ್ಟು ಆಡಿದರೂ ಪಟ್ಟಿ ತುಂಬದು. ಇನ್ನೊಬ್ಬನ ಯಂತ್ರಕ್ಕೆ ತಂತಿ ಜೋಡಿಸಿ ಅದಲು ಬದಲು ಮಾಡಲೇಬೇಕು. ಕೆಲವು ಪ್ರಾಣಿಗಳಂತೂ ಕೈ ಬದಲಾದ ಮೇಲೆಯೇ ಮುಂದಿನ ರೂಪಕ್ಕೆ ಬೆಳೆಯುತ್ತವೆ. ಕೊಟ್ಟು ತೆಗೆದುಕೊಂಡರೆ ಇಬ್ಬರಿಗೂ ಲಾಭ ಎಂಬ ಪಾಠ ಅದರೊಳಗೇ ಇದೆ.

ಇಷ್ಟಾದರೂ ಅಹಿಂಸಾಧರ್ಮದಲ್ಲಿ ಬೆಳೆದವರಿಗೆ ಒಂದು ಅಳುಕು ಉಳಿಯುತ್ತದೆ. ಸ್ವಚ್ಛಂದವಾಗಿ ತಿರುಗುವ ಜೀವವನ್ನು ಚೆಂಡಿನೊಳಗೆ ಸೆರೆಹಿಡಿಯುವುದು, ಮತ್ತೊಂದರೊಡನೆ ಕಾದಾಡಿಸುವುದು, ಇದೆಂಥ ಆಟ? ಕಾಳಗದಲ್ಲಿ ಸೋತ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ, ಅದಕ್ಕೆ ಆರೈಕೆಯ ಮನೆಯೂ ಉಂಟು ಎಂದು ಮಕ್ಕಳು ವಾದಿಸುತ್ತಾರೆ. ಅದು ನಿಜ. ಆದರೆ ನೇಮಿನಾಥ ಸ್ವಾಮಿಯ ಕಥೆ ಕೇಳಿದ ಮಗುವಿಗೆ ಇನ್ನೊಂದು ಪ್ರಶ್ನೆಯೂ ಏಳಬೇಕು. ಮದುವೆಯ ಊಟಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಕೂಗು ಕೇಳಿ ರಥವನ್ನೇ ಹಿಂದಿರುಗಿಸಿದ ಸ್ವಾಮಿ ಈ ಚೆಂಡನ್ನು ಕಂಡಿದ್ದರೆ ಏನೆನ್ನುತ್ತಿದ್ದರು?

ಈ ಅಳುಕು ನ್ಯಾಯಾಲಯದವರೆಗೂ ಹೋದದ್ದುಂಟು. 2016ರ ಜುಲೈಯಲ್ಲಿ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಬಂತು. ಬೀದಿಯಲ್ಲಿ ನಡೆಯುತ್ತಾ ಹೋದರೆ ಫೋನಿನ ತೆರೆಯ ಮೇಲೆ ಪ್ರಾಣಿಗಳೂ ಮೊಟ್ಟೆಗಳೂ ಸಿಗುವ ಆಟ ಅದು. ಹಿಂದೂ ಮತ್ತು ಜೈನ ದೇವಾಲಯಗಳಲ್ಲಿ ಮೊಟ್ಟೆ ಕಾಣಿಸುವುದು ಶ್ರದ್ಧೆಗೆ ಧಕ್ಕೆ ಎಂದು ಗುಜರಾತ್ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕಂಪನಿಗೂ ಸರ್ಕಾರಗಳಿಗೂ ನೋಟಿಸ್ ನೀಡಿತು. ಭಾರತದಲ್ಲಿ ಆಟ ಅಧಿಕೃತವಾಗಿ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ನಮ್ಮ ಅಭಿಪ್ರಾಯ ಇಷ್ಟು. ತೆರೆಯ ಮೇಲಿನ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ. ಎರಡೋ ಐದೋ ಹತ್ತೋ ಕಿಲೋಮೀಟರು ನಡೆದರೆ ಅದು ಒಡೆದು ಮರಿ ಹೊರಬರುತ್ತದೆ, ಅಷ್ಟೆ. ಆದರೆ ಭಗವಂತನ ಎದುರಿಗೆ ನಿಂತು ತೆರೆಯನ್ನು ನೋಡುವುದು, ಜಪಕ್ಕೆ ಕುಳಿತವರ ನಡುವೆ ಪ್ರಾಣಿ ಹುಡುಕುತ್ತಾ ಓಡಾಡುವುದು ತಪ್ಪು. ಬಸದಿಯ ಬಾಗಿಲಲ್ಲಿ ಚಪ್ಪಲಿ ಬಿಡುವಂತೆ ಆಟವನ್ನೂ ಬಿಟ್ಟು ಒಳಗೆ ಬರಲಿ.

ಈ ಆಟ ಕಟ್ಟಿದವರೇ ಹಿಡಿಯದ, ಹೊಡೆಯದ ಕವಲು ಆಟಗಳನ್ನೂ ಕೊಟ್ಟಿದ್ದಾರೆ ಎಂಬುದು ಅನೇಕ ತಂದೆತಾಯಂದಿರಿಗೆ ತಿಳಿಯದು. 1999ರ ಪೋಕೆಮಾನ್ ಸ್ನ್ಯಾಪ್‌ನಲ್ಲಿ ಪ್ರಾಣಿಗಳ ಛಾಯಾಚಿತ್ರ ತೆಗೆಯುವುದೇ ಕೆಲಸ. 2006ರ ರೇಂಜರ್ ಆಟದಲ್ಲಿ ಪ್ರಾಣಿಯ ಸಹಾಯ ಪಡೆದು ಮತ್ತೆ ಅದನ್ನು ಬಿಟ್ಟುಬಿಡಬೇಕು. 2023ರಲ್ಲಿ ಬಂದ ಇನ್ನೊಂದರಲ್ಲಿ ಚೆನ್ನಾಗಿ ನಿದ್ರಿಸಿದರೆ ಸಾಕು! ಹಾಗಿದ್ದಮೇಲೆ ನಮಗೆ ಒಪ್ಪುವ ಕವಲುಗಳನ್ನು ನಾವೇ ಏಕೆ ಕಲ್ಪಿಸಬಾರದು? ಅದಕ್ಕೆ ತಮಿಳುನಾಡಿನ ತೇಣಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯನ್ನು ಆರಿಸಿಕೊಂಡಿದ್ದೇವೆ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಒಕ್ಕಲಿಗ, ಕಪ್ಪಿಲಿಯ, ಅನುಪ್ಪ ಕುಟುಂಬಗಳು ಅಲ್ಲಿವೆ. ಕಾಡೂ ಇದೆ, ವ್ಯಾಪಾರವೂ ಇದೆ, ಜಿನಬಿಂಬಗಳ ಬೆಟ್ಟಗಳೂ ಇವೆ.

ಮೊದಲನೆಯದು ಮೇಘಮಲೆಯ ಆಟ. 1948ರಲ್ಲಿ ಈ ಬೆಟ್ಟಗಳಲ್ಲಿ ಒಂದು ಬಾವಲಿ ಸಿಕ್ಕಿತು. ಸಾಮಾನ್ಯ ಜಾತಿಯದೆಂದು ಹೆಸರು ಬರೆದು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗ್ರಹದಲ್ಲಿ ಇಟ್ಟರು. ಎರಡು ದಶಕಗಳ ನಂತರ ಥಾಯ್ಲೆಂಡಿನ ವಿಜ್ಞಾನಿ ಕಿಟ್ಟಿ ಥೋಂಗ್ಲೋಂಗ್ಯ ಅದನ್ನು ಗಮನವಿಟ್ಟು ನೋಡಿದಾಗ ಅದು ಲೋಕಕ್ಕೇ ಹೊಸದೆಂದು ತಿಳಿಯಿತು. 1972ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರನ್ನು ಅದಕ್ಕಿಟ್ಟರು. ಹಿಡಿದಾಗ ಹೊಳೆಯದ ಸತ್ಯ ಗಮನಿಸಿದಾಗ ಹೊಳೆಯಿತು. ಆದ್ದರಿಂದ ಈ ಆಟದಲ್ಲಿ ಚೆಂಡಿಲ್ಲ, ಕಣ್ಣು ಮಾತ್ರ. ಸಿಂಗಳೀಕ, ಮಂಗಟ್ಟೆ ಹಕ್ಕಿ, ತಮಿಳುನಾಡಿನ ರಾಜ್ಯಪ್ರಾಣಿಯಾದ ವರೆಯಾಡು, ಇವುಗಳನ್ನು ಬೆದರಿಸದೆ ನೋಡಿದರೆ ಅಂಕ. ಪ್ರಾಣಿ ಬೆದರಿ ಓಡಿದರೆ ಇದ್ದ ಅಂಕವೂ ಹೋಗಬೇಕು. 2021ರಲ್ಲಿ ಈ ಕಾಡು ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಕೊನೆಯ ಹಂತಕ್ಕಿರಲಿ.

ಎರಡನೆಯದು ಕಂಬಂ ಊರಿನ ದೊಡ್ಡಿಯ ಆಟ. ಅಲ್ಲಿಯ ಒಕ್ಕಲಿಗರ ನಂದಗೋಪಾಲನ್ ದೇವಸ್ಥಾನದಲ್ಲಿ ‘ತಂಬಿರಾನ್ ಮಾಡು’ ಎಂಬ ದೇವರ ದನಗಳ ಹಿಂಡಿದೆ. ಮಾಟ್ಟು ಪೊಂಗಲ್‌ನಲ್ಲಿ ಜನ ಬಂದು ಪೂಜೆ ಸಲ್ಲಿಸುತ್ತಾರೆ. ಪಿಂಜರಾಪೋಲ್ ನಡೆಸಿ ಬಲ್ಲ ನಮ್ಮ ಸಮಾಜಕ್ಕೆ ಇದು ಪರಿಚಿತ ಭಾವ. ಆಟದಲ್ಲಿ ಹಿಂಡನ್ನು ಸಾಕುವುದೇ ಗುರಿ. ಬೇಸಿಗೆಯಲ್ಲಿ ಹುಲ್ಲಿನ ಬೆಲೆ ಏರುತ್ತದೆ, ಮುದಿ ಎತ್ತಿಗೆ ಔಷಧ ಬೇಕು, ದಾನದ ಹಣ ಮಾತ್ರ ಅಷ್ಟೇ. ಜಮಾ ಖರ್ಚು ಸರಿದೂಗಿಸುತ್ತಾ ಒಂದು ದನವನ್ನೂ ಕೈಬಿಡದೆ ವರ್ಷ ದಾಟಿಸಬೇಕು. ಇದು ಯಾವ ಕಾಳಗಕ್ಕಿಂತಲೂ ಕಠಿಣವೆಂದು ಗೋಶಾಲೆಯ ಲೆಕ್ಕ ಬರೆದವರೆಲ್ಲ ಒಪ್ಪುವರು.

ಮೂರನೆಯದು ಬೋಡಿನಾಯಕನೂರಿನ ಏಲಕ್ಕಿ ಆಟ. ಸಂಬಾರ ಮಂಡಳಿಯ ಇ-ಹರಾಜು ನಡೆಯುವ ಊರು ಅದು. ವ್ಯಾಪಾರಿಗಳು ಕಂಪ್ಯೂಟರಿನ ಮುಂದೆ ಕುಳಿತು ಬೆಲೆ ಕೂಗುತ್ತಾರೆ. ಕಾಯಿಯ ಗಾತ್ರ, ಬಣ್ಣ, ತೂಕ ನೋಡಿ ದರ ಗೊತ್ತಾಗಬೇಕು. ಈ ಆಟದ ನಿಯಮಗಳನ್ನು ಹೊಸದಾಗಿ ಬರೆಯಬೇಕಿಲ್ಲ. ತತ್ತ್ವಾರ್ಥಸೂತ್ರ ಅಚೌರ್ಯ ಅಣುವ್ರತಕ್ಕೆ ಹೇಳಿದ ಐದು ಅತಿಚಾರಗಳೇ ಸಾಕು. ಕಳ್ಳತನಕ್ಕೆ ಪ್ರೇರೇಪಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಕಾಯಿಗೆ ಹಸಿರು ಬಣ್ಣ ಹಚ್ಚಿದವನಿಗೆ ಮೊದಲು ಲಾಭ ಬರಲಿ, ನಾಲ್ಕನೆಯ ಹರಾಜಿನಿಂದ ಅವನ ಮಾಲನ್ನು ಯಾರೂ ಮುಟ್ಟದಿರಲಿ. ಅಂಗಡಿಯ ಗಲ್ಲಾ ಮುಂದೆ ಕಲಿಯಲು ಇಪ್ಪತ್ತು ವರ್ಷ ಹಿಡಿಯುವ ಪಾಠ ಇದು.

ದಿಂಡಿಗಲ್‌ಗೂ ಒಂದು ಪಾಲಿರಲಿ. ಕೈಯಿಂದ ಮಾಡುವ ಅಲ್ಲಿಯ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಪ್ರಾಣಿಗಳ ಪಂಜರಕ್ಕೆ ಹಾಕಿದ ಬೀಗಗಳನ್ನು ಬುದ್ಧಿ ಓಡಿಸಿ ಒಂದೊಂದಾಗಿ ತೆಗೆದು ಒಳಗಿನವನ್ನು ಬಿಡಿಸುವ ಒಗಟಿನ ಆಟ ಚಿಕ್ಕವರಿಗೆ ಚೆನ್ನ.

ಕೊನೆಯದು ನಡಿಗೆಯ ಆಟ. ಉತ್ತಮಪಾಳ್ಯದ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳ ಸಾಲಿದೆ. ಅಡಿಯಲ್ಲಿ ವಟ್ಟೆೞುತ್ತು ಲಿಪಿಯ ಬರಹಗಳಿವೆ. ದಿಂಡಿಗಲ್ ಜಿಲ್ಲೆಯಲ್ಲಿ ಪಳನಿಯ ಹತ್ತಿರ ಐವರ್‌ಮಲೆ ಇದೆ. ಪಾಂಡ್ಯ ದೊರೆ ವರಗುಣನ ಕಾಲದಲ್ಲಿ, ಕ್ರಿ.ಶ. 870ರಲ್ಲಿ, ಶಾಂತಿವೀರರೆಂಬ ಗುರುಗಳು ಅಲ್ಲಿಯ ಪಾರ್ಶ್ವನಾಥ ಮತ್ತು ಯಕ್ಷಿಯರ ಬಿಂಬಗಳನ್ನು ಜೀರ್ಣೋದ್ಧಾರ ಮಾಡಿಸಿದರೆಂದು ಶಾಸನ ಹೇಳುತ್ತದೆ. ಈ ಆಟದಲ್ಲಿ ಮೊಟ್ಟೆಯಿಲ್ಲ. ಎರಡು ಕಿಲೋಮೀಟರು ನಡೆದರೆ ಒಂದು ಲಾಂಛನ ಸಿಗುತ್ತದೆ. ಬೆಟ್ಟದ ಬುಡ ತಲುಪಿದೊಡನೆ ಫೋನು ತಾನಾಗಿ ಆರಿಹೋಗಬೇಕು. ಪಾರ್ಶ್ವನಾಥರ ಸರ್ಪ ಮಾತ್ರ ತೆರೆಯ ಮೇಲೆ ಸಿಗದು; ಹತ್ತಿ ಹೋಗಿ ಹೆಡೆಯ ಕೆಳಗೆ ನಿಂತ ಸ್ವಾಮಿಯನ್ನು ಕಣ್ಣಾರೆ ಕಂಡವರಿಗೇ ಅದು.

ಇವನ್ನೆಲ್ಲ ಯಾವುದೋ ಕಂಪನಿ ಮಾಡಿಕೊಡಲಿ ಎಂದು ಕಾಯಬೇಕಿಲ್ಲ. ರಟ್ಟಿನ ಇಪ್ಪತ್ತನಾಲ್ಕು ಚೀಟಿ ಕತ್ತರಿಸಿ ಲಾಂಛನಗಳನ್ನು ಮಕ್ಕಳ ಕೈಯಲ್ಲೇ ಬರೆಸಿ. ಅಣ್ಣನಿಗೆ ಹನ್ನೆರಡು, ತಂಗಿಗೆ ಹನ್ನೆರಡು. ಒಂದು ಲಾಂಛನದ ಕಥೆ ಹೇಳಿದವರಿಗೆ ಎದುರಾಳಿಯ ಒಂದು ಚೀಟಿ. ಅಂಗಡಿಯ ಬಾಗಿಲು ಹಾಕಿ ರಾತ್ರಿ ಮನೆಗೆ ಬರುವ ತಂದೆ ಹತ್ತು ನಿಮಿಷ ಜೊತೆಗೆ ಕುಳಿತರೆ ಆಟ ಕಳೆಗಟ್ಟುತ್ತದೆ. ಮೊಬೈಲಿನ ಆಟದಲ್ಲಿ ಬೆರಳು ಒತ್ತಿದೊಡನೆ ಹಣ ಹೋಗುವ ಏರ್ಪಾಡುಗಳಿವೆ; ಅದರ ಲೆಕ್ಕವನ್ನೂ ಆಗಲೇ ಮಗುವಿನೊಡನೆ ನೋಡಬಹುದು. ಫೋನು ಕಿತ್ತುಕೊಂಡರೆ ಮಗು ಅದನ್ನು ಬಚ್ಚಿಟ್ಟು ಆಡುತ್ತದೆ. ಜೊತೆಗೆ ಕುಳಿತು ಆಡಿದವರ ಮಾತನ್ನು ಮಾತ್ರ ದೊಡ್ಡದಾದ ಮೇಲೂ ಕೇಳುತ್ತದೆ.

ನಿಮ್ಮ ಮನೆಯ ಮಕ್ಕಳು ಕಲ್ಪಿಸಿದ ಆಟವನ್ನು ಅವರ ಅಕ್ಷರದಲ್ಲೇ ಬರೆಸಿ ನಮಗೆ ಕಳುಹಿಸಿ. ನಿಯಮ ಒಂದೇ: ಆಟ ಮುಗಿಯುವಾಗ ಹಿಡಿದ ಜೀವವೆಲ್ಲ ಬಿಡುಗಡೆಯಾಗಿರಬೇಕು.