ಪಟೇಲನ ಶಾಟು, ಜೀತದಾಳಿನ ಶಾಟು

ನಮ್ಮ ಕೇರಿಗೆ ಒಂದ್ಸಲ ಸಾಕ್ಷ್ಯಚಿತ್ರ ತೆಗೆಯೋರು ಬಂದಿದ್ದರು. ಹೆಗಲಲ್ಲಿ ಜೋಳಿಗೆ, ಮೈಮೇಲೆ ಖಾದಿ, ಬಾಯಲ್ಲಿ ಕ್ರಾಂತಿ. ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ನೀರು ಕುಡಿದರು. ಕುಡಿಯುವುದನ್ನೂ ಚಿತ್ರ ತೆಗೆದುಕೊಂಡರು! ಅವ್ವ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚಿ ಮಂಕರಿಗೆ ತುಂಬುತ್ತಿದ್ದಳು. 'ಇನ್ನೊಂದ್ಸಲ ಬಗ್ಗಿ ಅಮ್ಮಾ, ಬೆಳಕು ಸರಿಯಾಗಿ ಬರ್ಲಿಲ್ಲ' ಅಂದರು. ಬಗ್ಗಿದಳು. ಮತ್ತೆ ಅಂದರು, ಮತ್ತೆ ಬಗ್ಗಿದಳು. ಒಂದೇ ಮಂಕರಿ ಸಗಣಿಗೆ ಮೂರು ಸಲ ಬಗ್ಗಿಸಿದ್ದು ಗೌಡನಲ್ಲ, ಈ ಪ್ರಗತಿಪರರು. ಹೋಗುವಾಗ ಅವ್ವ ಕೇಳಿದಳು: 'ಅದ್ರೊಳ್ಗೆ ನಾನು ಕಾಣ್ತೀನಾ ಬುದ್ಧೀ? ಯಾವಾಗ್ ತೋರುಸ್ತೀರಿ?' ಬೇಗ ತಂದು ತೋರಿಸ್ತೀವಿ ಅಂದರು. ಬರಲಿಲ್ಲ.

ಇದನ್ನು ಅತ್ತುಕೊಳ್ಳಲಿಕ್ಕೆ ಬರೆಯುತ್ತಿಲ್ಲ. ಜಗಳಕ್ಕೆ ಬರೆಯುತ್ತಿದ್ದೇನೆ.

ಬೀದರಿನ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅದರ ಪಕ್ಕ ಪಸ್ತಾಪುರ ಅಂತ ಹಳ್ಳಿ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನುವ ಸಂಸ್ಥೆಯ ಮಹಿಳಾ ಸಂಘಗಳಿವೆ. ಸಂಘದವರು ಹೆಚ್ಚಾಗಿ ದಲಿತ ಹೆಂಗಸರು, ಕೂಲಿ ಮಾಡುವವರು, ಸಜ್ಜೆ ಜೋಳ ನವಣೆ ಬೆಳೆಯುವವರು. ತೊಂಬತ್ತರ ದಶಕದ ಕೊನೆಗೆ ಇವರಲ್ಲಿ ಕೆಲವರು ವಿಡಿಯೋ ಕ್ಯಾಮೆರಾ ಹಿಡಿದರು. 2001ರಲ್ಲಿ ಇವರದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಆಯಿತು. ಓದು ಬರಹ ಬಾರದ ಹೆಂಗಸರಿಗೆ 'ಲೋ ಆಂಗಲ್', 'ಟಾಪ್ ಆಂಗಲ್' ಎಂಬ ಇಂಗ್ಲಿಷಿನ ಮಾತು ಯಾತಕ್ಕೆ? ಅವರೇ ಹೆಸರಿಟ್ಟರು. ಕ್ಯಾಮೆರಾ ಮೇಲಿಂದ ಕೆಳಕ್ಕೆ ನೋಡಿದರೆ ಅದು ಪಟೇಲನ ಶಾಟು, ಯಾಕೆಂದರೆ ಪಟೇಲ ನಮ್ಮನ್ನು ನೋಡುವುದೇ ಹಾಗೆ. ಕೆಳಗಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟು. ಕಣ್ಣಿಗೆ ಕಣ್ಣು ಸಮವಾಗಿದ್ದರೆ ಸಂಘದ ಶಾಟು. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಮ ಕೂರುತ್ತಾರಲ್ಲ, ಹಾಗೆ.

ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಗಟ್ಟಲೆ ಕೂತವರಿಗೆ ಹೊಳೆಯದ ಮಾತು ಇದು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಅನ್ನುವುದು ಬರೀ ಕಲೆಯ ಪ್ರಶ್ನೆಯಲ್ಲ, ಜಾತಿಯ ಪ್ರಶ್ನೆ.

ಈ ತಂಡ ಮಾಡಿದ್ದೇನು? 2002ರಲ್ಲಿ ಈ ದೇಶದಲ್ಲಿ ಬಿಟಿ ಹತ್ತಿಗೆ ಪರವಾನಗಿ ಸಿಕ್ಕಿತು. ಕಂಪನಿಯವರು ಬಂಗಾರದ ಬೆಳೆ ಬಂತು ಅಂತ ಡಂಗುರ ಸಾರುತ್ತಿದ್ದ ಹೊತ್ತಿನಲ್ಲೇ ಈ ಹೆಂಗಸರು ವಾರಂಗಲ್ಲಿನ ಹತ್ತಿ ಹೊಲಗಳಿಗೆ ಹೋಗಿ ರೈತರ ಬಾಯಿಂದಲೇ ಲಾಭ ನಷ್ಟದ ಲೆಕ್ಕ ಹೇಳಿಸಿದರು. ವಾರಂಗಲ್ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಕೋಪ ಅನ್ನುವುದೇ 2003ರ ಆ ಚಿತ್ರದ ಹೆಸರು. ಹತ್ತಿ ಬಿಡಿಸಿ ಬೆರಳು ಸೀಳಿಸಿಕೊಂಡವರಿಗೆ ಯಾವ ಪ್ರಶ್ನೆ ಕೇಳಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ರೇಡಿಯೋ ಶುರು ಮಾಡಿದರು, ಸಂಘಂ ರೇಡಿಯೋ.

ಅಲ್ಲೂ ಬೆನ್ನಿಗೆ ಸಂಸ್ಥೆಯೊಂದಿದೆ. ಸಂಸ್ಥೆಗಳ ಮೇಲೆ ನನಗೆ ಇರುವ ಗುಮಾನಿ ಹೋಗಿಲ್ಲ. ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು ನಮ್ಮ ಮೈಸೂರಿನವರೇ, ಪಿ.ವಿ. ಸತೀಶ್. ದೂರದರ್ಶನದಲ್ಲಿ ಕೆಲಸ ಮಾಡಿದವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಕ್ಯಾಮೆರಾ ಕಸುಬು ಗೊತ್ತಿದ್ದ ಮನುಷ್ಯ ತಾನೇ ಆ ಹೆಂಗಸರ ಮೇಲೆ ಹತ್ತು ಚಿತ್ರ ತೆಗೆದು ಹೆಸರು ಮಾಡಬಹುದಿತ್ತು. ಕ್ಯಾಮೆರಾ ಅವರ ಕೈಗೆ ಹೋಗಲಿ ಅಂದರು. ಇಷ್ಟು ಮಾಡಲಿಕ್ಕೆ ನಮ್ಮ ಬೆಂಗಳೂರಿನ ಮಹನೀಯರಿಗೆ ಏನು ಕಷ್ಟ?

'ನಾವು ನಿಮ್ಮ ದನಿ' ಅನ್ನುತ್ತಾರೆ. ನಮಗೆ ದನಿ ಇಲ್ಲ ಅಂತ ಹೇಳಿದವರು ಯಾರು ಸ್ವಾಮಿ? ತಮಟೆ ಬಾರಿಸಿ ಊರಿಗೆಲ್ಲ ಸಾರು ಹಾಕಿದವರು ನಾವು.

ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹುಟ್ಟಿದ ಪತ್ರಿಕೆ 'ಖಬರ್ ಲಹರಿಯಾ'. ಹಳ್ಳಿಯ ಹೆಂಗಸರು, ಅವರಲ್ಲಿ ಬಹಳ ಮಂದಿ ದಲಿತರು, ಬುಂದೇಲಿಯಲ್ಲಿ ಬರೆದು ಹೊರಡಿಸಿದ ಪತ್ರಿಕೆ. ಇವರ ಮೇಲೆ ದೆಹಲಿಯ ಬ್ಲ್ಯಾಕ್ ಟಿಕೆಟ್ ಫಿಲ್ಮ್ಸ್‌ನ ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ತೆಗೆದ 'ರೈಟಿಂಗ್ ವಿತ್ ಫೈರ್' 2021ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಬಹುಮಾನ ಪಡೆಯಿತು, 2022ರಲ್ಲಿ ಆಸ್ಕರಿನ ಬಾಗಿಲವರೆಗೂ ಹೋಯಿತು. ಶ್ರದ್ಧೆಯಿಂದ ವರ್ಷಗಟ್ಟಲೆ ದುಡಿದ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಕರಿಗೆ ಕೆಲವೇ ದಿನ ಮೊದಲು ಆ ಪತ್ರಿಕೆಯ ಹೆಂಗಸರೇ ಬಹಿರಂಗ ಹೇಳಿಕೆ ಕೊಟ್ಟರು: ಚಿತ್ರ ಮನಮುಟ್ಟುತ್ತದೆ, ಆದರೆ ನಾವು ಒಂದೇ ಪಕ್ಷದ ಬೆನ್ನು ಬಿದ್ದವರ ಹಾಗೆ ತೋರಿಸಿರುವುದು ಸರಿಯಲ್ಲ, ಇಪ್ಪತ್ತು ವರ್ಷದ ನಮ್ಮ ಕೆಲಸ ಅಷ್ಟೇ ಅಲ್ಲ ಅಂತ. ಸಿನಿಮಾದವರು ನ್ಯೂಯಾರ್ಕು ಲಂಡನ್ನಿನಲ್ಲಿ ಚಪ್ಪಾಳೆ ತಗೊಂಡು ಬರುತ್ತಾರೆ. ವರದಿಗಾರ್ತಿ ನಾಳೆಯೂ ಅದೇ ದಾರಿಯಲ್ಲಿ, ಅದೇ ಠಾಕೂರರ ಮನೆ ಮುಂದೆ, ಅದೇ ಪೊಲೀಸ್ ಠಾಣೆಗೆ ನಡೆಯಬೇಕು. ಬಣ್ಣ ಹಚ್ಚಿದವರು ಒಬ್ಬರು, ಏಟಿಗೆ ಬೆನ್ನು ಕೊಡಬೇಕಾದವರು ಇನ್ನೊಬ್ಬರು. ಚಿತ್ರ ಕತ್ತರಿಸಿ ಜೋಡಿಸುವ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಇತ್ತಾ? ನನ್ನ ಪ್ರಶ್ನೆ ಇಷ್ಟೇ.

ಹಾಗಂತ ಹೊರಗಿನವರೆಲ್ಲ ಕ್ಯಾಮೆರಾ ಬಿಟ್ಟು ಮನೆಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. 1997ರಲ್ಲಿ ಮುಂಬಯಿಯ ರಮಾಬಾಯಿ ನಗರದಲ್ಲಿ ಪೊಲೀಸರು ಹತ್ತು ಜನರನ್ನು ಗುಂಡಿಟ್ಟು ಕೊಂದರು. ಆ ನೋವಿನಲ್ಲಿ ಹಾಡುಗಾರ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡ. ಆನಂದ್ ಪಟವರ್ಧನ್ 14 ವರ್ಷ ಅದರ ಹಿಂದೆ ಬಿದ್ದು 'ಜೈ ಭೀಮ್ ಕಾಮ್ರೇಡ್' ಮಾಡಿದರು. ಮಾಡಿ ಬಸ್ತಿಗಳಿಗೇ ತಂದು ತೋರಿಸಿದರು. ತಮಿಳುನಾಡಿನ ದಿವ್ಯಭಾರತಿ 2017ರಲ್ಲಿ ಮಲ ಬಾಚುವವರ ಮೇಲೆ 'ಕಕ್ಕೂಸ್' ತೆಗೆದಾಗ ಪೊಲೀಸರು ಪ್ರದರ್ಶನ ತಡೆದರು, ಹೆಣ್ಣುಮಗಳಿಗೆ ಕೊಲೆ ಬೆದರಿಕೆ ಬಂತು. ಏಟು ಹಂಚಿಕೊಂಡವರನ್ನು ನಾವು ನಮ್ಮವರು ಅನ್ನುತ್ತೇವೆ.

ಉಳಿದವರು ಲೆಕ್ಕ ಕೊಡಲಿ. ಚಿತ್ರಕ್ಕೆ ಬಂದ ದುಡ್ಡೆಷ್ಟು, ಚಿತ್ರದಲ್ಲಿ ಬಗ್ಗಿದವರಿಗೆ ಸಿಕ್ಕಿದ್ದೆಷ್ಟು. ಒಂದು ದಿನದ ಕೂಲಿ ಹೋಯಿತಲ್ಲ, ಅದಾದರೂ ಸಿಕ್ಕಿತಾ? ನಿಮ್ಮ ತಂಡದಲ್ಲಿ ಕೇರಿಯ ಹುಡುಗ ಯಾವ ಕೆಲಸಕ್ಕಿದ್ದಾನೆ? ಲೈಟು ಹೊರೋದಕ್ಕಾ, ಟೀ ತರೋದಕ್ಕಾ?

ಅವ್ವ ತೀರಿಕೊಂಡಳು. ಮನೆಯಲ್ಲಿ ಅವಳದು ಅಂತ ಇರುವುದು ರೇಷನ್ ಕಾರ್ಡಿನ ಮೇಲಿನ ಫೋಟೋ ಒಂದೇ, ಅದರಲ್ಲೂ ಮುಖದ ಮೇಲೆ ಸೀಲು ಬಿದ್ದಿದೆ. ಅವಳು ನಡೆದದ್ದು, ಬಗ್ಗಿದ್ದು, ಸೆರಗಿನಲ್ಲಿ ಬೆವರು ಒರೆಸಿಕೊಂಡು ನಕ್ಕದ್ದು ಎಲ್ಲ ಆ ಪುಣ್ಯಾತ್ಮರ ಯಾವುದೋ ಬೀರುವಿನಲ್ಲಿ ಇದೆ. ನನ್ನ ಮಗಳು ಅಜ್ಜಿ ಹೇಗಿದ್ದಳು ಅಂತ ಕೇಳುತ್ತಾಳೆ. ಓದುತ್ತಿದ್ದರೆ ತಂದುಕೊಡಿ.