ಪಡಸಾಲೆಯ ಪಾಠಶಾಲೆ

ಕಾಲೇಜಿನಲ್ಲಿ ಎಂಬತ್ತು ಮಂದಿ ವಿದ್ಯಾರ್ಥಿಗಳನ್ನು ಒಂದು ಗಂಟೆಯ ಕಾಲ ಸದ್ದಿಲ್ಲದೆ ಕೂರಿಸಬಲ್ಲೆನೆಂಬ ಹೆಮ್ಮೆ ನನಗಿತ್ತು. ಮನೆಯ ಇಬ್ಬರು ಮಕ್ಕಳನ್ನು ಕಾಲು ಗಂಟೆಯೂ ಕೂರಿಸಲಾರೆನೆಂಬ ಸತ್ಯ ತಿಳಿದದ್ದು 2020ರಲ್ಲಿ. ಆ ಮಾರ್ಚಿಯಲ್ಲಿ ಕೊರೋನಾದ ಭಯದಿಂದ ನಾಡಿನ ಶಾಲೆಗಳು ಬಾಗಿಲು ಹಾಕಿದವು. ಜೂನ್ ಕಳೆದರೂ ತೆರೆಯುವ ಸೂಚನೆಯಿರಲಿಲ್ಲ. ಎರಡನೆಯ ತರಗತಿಗೆ ಹೋಗಬೇಕಾಗಿದ್ದ ಮಗಳು, ಒಂದನೆಯ ತರಗತಿಯ ಹೊಸ್ತಿಲಲ್ಲಿದ್ದ ಮಗ, ಇಬ್ಬರೂ ಮಂಡ್ಯದ ನಮ್ಮ ಮನೆಯನ್ನು ದಿನವೆಲ್ಲ ತಲೆಯ ಮೇಲೆ ಹೊತ್ತಿದ್ದರು. “ನೀವು ಮೇಷ್ಟರಲ್ಲವೇ? ಮನೆಯಲ್ಲೇ ಕಲಿಸಿ” ಎಂದಳು ನನ್ನಾಕೆ.

ಪಡಸಾಲೆ ಪಾಠಶಾಲೆಯಾಯಿತು. ವೇಳಾಪಟ್ಟಿ ಗೋಡೆಯನ್ನೇರಿತು. ದೇವರ ಮನೆಯ ಗಂಟೆಯೇ ಶಾಲೆಯ ಗಂಟೆಯಾಯಿತು. ಎಂ.ಎ. ಓದಿದ ಅಭಿಮಾನ ಸುಮ್ಮನಿರಬೇಕಲ್ಲ! ಏಳು ವರ್ಷದ ಹುಡುಗಿಗೆ ಲೋಪಸಂಧಿ, ಆಗಮಸಂಧಿಗಳನ್ನು ಬೋಧಿಸಹೊರಟೆ. ಏಳರ ಮಗ್ಗಿಯಲ್ಲಿ ಅವಳು ಮೂರನೆಯ ಸಲ ತಪ್ಪಿದಾಗ ನನ್ನ ದನಿ ಏರಿತು. ಅವಳು ಅಳಲಿಲ್ಲ. ಸ್ಲೇಟನ್ನು ಕೆಳಗಿಟ್ಟು ಮೆಲ್ಲನೆ ಕೇಳಿದಳು: “ಗಂಟೆ ಯಾವಾಗ ಹೊಡೀತೀರಿ? ಆಮೇಲೆ ನೀವು ಅಪ್ಪ ಆಗ್ತೀರಲ್ಲ?”

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಮಗ್ಗಿ ಇಂದಲ್ಲ ನಾಳೆ ಬಂದೀತು; ಅಪ್ಪನೊಡನಿದ್ದ ಸಲಿಗೆ ಹೋದರೆ ಅದನ್ನು ಯಾವ ಮೇಷ್ಟರು ತಂದುಕೊಟ್ಟಾರು? ಬೆಳಿಗ್ಗೆ ಎದ್ದವನೇ ವೇಳಾಪಟ್ಟಿಯನ್ನು ಕಿತ್ತುಹಾಕಿದೆ.

ಆ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿತ್ತು. ಮಕ್ಕಳು ಶಾಲೆಗೆ ಬರಲಾರದಿದ್ದರೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕೆಂಬುದು ಅದರ ತಿರುಳು. ಸೆಪ್ಟೆಂಬರಿನಲ್ಲಿ ಮಳವಳ್ಳಿ ಕಡೆಯ ನೆಂಟರ ಹಳ್ಳಿಗೆ ಹೋದಾಗ ಗುಡಿಯ ಜಗಲಿಯ ಮೇಲೆ ಅಂಥ ಪಾಠ ನಡೆದಿತ್ತು. ಯಾರೂ ಕರೆಯದೆ ಮಗಳು ಕೊನೆಯ ಸಾಲಿನಲ್ಲಿ ಹೋಗಿ ಕುಳಿತಳು. ಹತ್ತು ಮಕ್ಕಳ ದನಿಯೊಡನೆ ದನಿಗೂಡಿಸಿ ಏಳರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿ ಮುಗಿಸಿದಳು! ನನಗೆ ಸಂತೋಷವಾಯಿತು, ನಿಜ ಹೇಳಬೇಕೆಂದರೆ, ತುಸು ನಾಚಿಕೆಯೂ ಆಯಿತು. ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಆ ಜಗಲಿಯ ಪಾಠವೂ ನಿಂತಿತು. ನನ್ನ ಮಕ್ಕಳಿಗೆ ಪಡಸಾಲೆಯಾದರೂ ಇತ್ತು. ಬೆಳಗಾದರೆ ತಾಯಿತಂದೆ ಕೂಲಿಗೆ ಹೊರಡುವ ಮನೆಗಳಲ್ಲಿ ಮಗ್ಗಿ ಹೇಳಿಕೊಡುವವರು ಯಾರು?

ಮರುವರ್ಷ ಫೆಬ್ರವರಿಯಲ್ಲಿ, ಪುಸ್ತಕಗಳನ್ನು ಮನೆಯಲ್ಲೇ ಬಿಟ್ಟು, ಮಕ್ಕಳನ್ನು ಮದ್ದೂರಿನ ಕಡೆಗೆ ಕರೆದೊಯ್ದೆ. ಆಲೆಮನೆಯೊಂದರಲ್ಲಿ ಮಗ ಬೆಲ್ಲದ ಅಚ್ಚುಗಳನ್ನು ಹತ್ತು ಹತ್ತಾಗಿ ಜೋಡಿಸುತ್ತ ನೂರರವರೆಗೆ ಎಣಿಸಿದ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಣ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟಿದ್ದವು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. “ಮರಿಗಳಿಗೆ ಹಾರೋದನ್ನ ಯಾರು ಕಲಿಸ್ತಾರೆ?” ಎಂದು ಮಗಳು ಕೇಳಿದಳು. ನನಗೆ ಗೊತ್ತಿಲ್ಲವೆಂದೆ. ಮೇಷ್ಟರಿಗೆ ಗೊತ್ತಿಲ್ಲದ್ದೂ ಉಂಟೆಂದು ತಿಳಿದು ಅವಳ ಮುಖ ಅರಳಿತು. ಅಂದು ಸಂಜೆಯವರೆಗೆ ಇಬ್ಬರೂ ಸೇರಿ ಆ ಗೂಡುಗಳನ್ನೇ ನೋಡುತ್ತ ಕುಳಿತೆವು.

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸಲು ನಿಶ್ಚಯಿಸಿದ ತಾಯಿತಂದೆಗಳೂ ಉಂಟು. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು. ಅವರ ಧೈರ್ಯಕ್ಕೆ ನಮಸ್ಕಾರ. ನಾವು ಆ ದಾರಿ ಹಿಡಿಯಲಿಲ್ಲ. 2021ರ ಅಕ್ಟೋಬರ್ 25ರಂದು ಕಿರಿಯ ತರಗತಿಗಳು ತೆರೆದಾಗ ನಮ್ಮ ಮಕ್ಕಳು ಹಿಂತಿರುಗಿಯೂ ನೋಡದೆ ಗೆಳೆಯರ ಗುಂಪಿನೊಳಕ್ಕೆ ಓಡಿದರು. ಅಪ್ಪ ಎಷ್ಟೇ ಓದಿದ್ದರೂ ಒಬ್ಬನೇ ಒಂದು ತರಗತಿಯಾಗಲಾರ.

ದೀಪ ಹಚ್ಚಿದ ಮೇಲಿನ ಅರ್ಧ ಗಂಟೆಯನ್ನು ಮಾತ್ರ ನಾವಿನ್ನೂ ಬಿಟ್ಟುಕೊಟ್ಟಿಲ್ಲ. ಆಗ ಪ್ರಶ್ನೆ ಕೇಳುವವರು ಮಕ್ಕಳು, ತಡವರಿಸುವವನು ನಾನು. ಗಂಟೆ ದೇವರ ಮನೆಗೆ ಹಿಂದಿರುಗಿದೆ.